ನಾಯಿಗೆ ವಿದ್ಯಾರ್ಥಿನಿಲಯದಲ್ಲಿ ಸ್ಥಳವುಂಟೆ?

ಕೊಡಗಿನಲ್ಲಿ ಕಾಲೇಜುಗಳು ತೆರೆಯುವ ಕಾಲವೂ ಮುಂಗಾರು ಕಾಲಿಡುವ ಕಾಲವೂ ಹೆಚ್ಚುಕಡಿಮೆ ಒಂದೇ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು, ಪೊನ್ನಂಪೇಟೆಗಳ ವಿದ್ಯಾರ್ಥಿನಿಲಯಗಳಿಗೆ ದೂರದ ಕಾಫಿ ತೋಟಗಳಿಂದಲೂ ಬಯಲುಸೀಮೆಯ ಊರುಗಳಿಂದಲೂ ಹುಡುಗ ಹುಡುಗಿಯರು ಪೆಟ್ಟಿಗೆ ಹಾಸಿಗೆಗಳೊಡನೆ ಬಂದಿಳಿಯುತ್ತಾರೆ. ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರ ನೆನಪಿನಲ್ಲಿ ತಂದೆತಾಯಿಗಳ ಮುಖದೊಡನೆ ಇನ್ನೊಂದು ಮುಖವೂ ಇರುತ್ತದೆ. ಗೇಟಿನವರೆಗೆ ಬಂದು, ಜೀಪು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದ ನಾಯಿಯ ಮುಖ ಅದು. ಕೊಡಗಿನ ಒಂಟಿಮನೆಗಳಲ್ಲಿ ನಾಯಿಯು ಬರಿಯ ಕಾವಲಿನ ಪ್ರಾಣಿಯಲ್ಲ. ಮನೆಯವರಲ್ಲಿ ಒಬ್ಬನೆಂದೇ ಅದರ ಗಣನೆ.

ಇಂಥ ಒಂದು ವಿದ್ಯಾರ್ಥಿನಿಲಯದ ವಾರ್ಡನರ ಮೇಜಿನ ಮೇಲೆ ಒಂದೇ ದಿನ ಮೂರು ಅರ್ಜಿಗಳು ಬಂದಿವೆಯೆಂದು ನಾವು ಕಲ್ಪಿಸಿಕೊಳ್ಳೋಣ. ಮೊದಲನೆಯದು ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನದು. ದಾರಿ ತೋರಿಸಲು ಶಿಕ್ಷಣ ಪಡೆದ ತನ್ನ ನಾಯಿಯನ್ನು ಕೊಠಡಿಯಲ್ಲಿಯೇ ಇರಿಸಿಕೊಳ್ಳಲು ಅವನು ಅನುಮತಿ ಕೇಳಿದ್ದಾನೆ. ಎರಡನೆಯದು ಒಬ್ಬ ವಿದ್ಯಾರ್ಥಿನಿಯದು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಆಕೆ ಸಣ್ಣ ಹುಡುಗಿ. ಮನೆಯ ಹಿಂದಿನ ಗುಡ್ಡ ಇಳಿದುಬಂದುದನ್ನು ಕಣ್ಣಾರೆ ಕಂಡವಳು. ಇಂದಿಗೂ ಮಳೆಯ ರಾತ್ರಿಗಳಲ್ಲಿ ದುಃಸ್ವಪ್ನದಿಂದ ಕಿರುಚಿಕೊಳ್ಳುತ್ತಾಳೆ. ಆಗ ಮೂತಿಯಿಂದ ತಿವಿದು ಎಬ್ಬಿಸುವಂತೆಯೂ, ದೀಪದ ಗುಂಡಿಯನ್ನು ಒತ್ತುವಂತೆಯೂ ಆಕೆಯ ನಾಯಿಗೆ ಕಲಿಸಲಾಗಿದೆ. ಮೂರನೆಯ ಅರ್ಜಿ ಇನ್ನೊಬ್ಬ ವಿದ್ಯಾರ್ಥಿಯದು. ಅವನು ಕೆಲವು ತಿಂಗಳುಗಳಿಂದ ಮನಸ್ಸಿನ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಮನೆಯ ನಾಯಿ ಬಳಿಯಲ್ಲಿದ್ದರೆ ಜೀವಕ್ಕೆ ಹಿತವೆನ್ನುತ್ತಾನೆ. ಆ ನಾಯಿಗೆ ವಿಶೇಷ ಶಿಕ್ಷಣವೇನೂ ಇಲ್ಲ; ಅವನನ್ನು ಕಂಡರೆ ಬಾಲವಾಡಿಸುತ್ತದೆ, ಅಷ್ಟೆ.

ಮೂವರ ಸಂಕಟವೂ ನಿಜ. ಮೂರು ಅರ್ಜಿಗಳ ಮೇಲೂ 'ಆಗದು' ಎಂದು ಬರೆದುಬಿಡುವುದು ವಾರ್ಡನರಿಗೆ ಸುಲಭ. ಕರುಣೆಯಿಂದ ಮೂರಕ್ಕೂ 'ಆಗಲಿ' ಎನ್ನುವುದು ಅಷ್ಟೇ ಸುಲಭ. ಆದರೆ ಎರಡೂ ಉತ್ತರಗಳು ತಪ್ಪಾಗುವ ಸಂಭವವುಂಟು. ಏತಕ್ಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಸೇವಾಪ್ರಾಣಿಗೂ ಸಾಂತ್ವನಪ್ರಾಣಿಗೂ ಇರುವ ಭೇದವನ್ನು ತಿಳಿಯಬೇಕು. ಇಂಗ್ಲಿಷಿನಲ್ಲಿ 'ಸರ್ವಿಸ್ ಅನಿಮಲ್' ಎಂದೂ 'ಎಮೋಷನಲ್ ಸಪೋರ್ಟ್ ಅನಿಮಲ್' ಎಂದೂ ಕರೆಯುವ ಇವೆರಡನ್ನು ನಾವು ಈ ಲೇಖನದಲ್ಲಿ ಕ್ರಮವಾಗಿ ಈ ಎರಡು ಹೆಸರುಗಳಿಂದ ಗುರುತಿಸುತ್ತೇವೆ.

ಕೆಲಸ ಕಲಿತ ಪ್ರಾಣಿ

ಪ್ರಾಣಿಗೆ ಕೆಲಸ ಕಲಿಸುವುದೆಂದರೇನು ಎಂಬುದನ್ನು ಕೊಡಗಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಾವೇರಿಯ ದಡದ ದುಬಾರೆ, ತಿತಿಮತಿಯ ಬಳಿಯ ಮತ್ತಿಗೋಡು ಮೊದಲಾದ ಶಿಬಿರಗಳಲ್ಲಿ ಮಾವುತರೂ ಕಾವಾಡಿಗಳೂ ಆನೆಗಳಿಗೆ ವರ್ಷಗಟ್ಟಲೆ ಶಿಕ್ಷಣ ಕೊಡುವುದನ್ನು ಅನೇಕರು ನೋಡಿದ್ದಾರೆ. 2020ರಿಂದ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅಭಿಮನ್ಯು ಮತ್ತಿಗೋಡು ಶಿಬಿರದ ಆನೆ. ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಮೆರವಣಿಗೆಗೆ ಮೊದಲು ಆನೆಯ ಬೆನ್ನ ಮೇಲೆ ಮರಳಿನ ಮೂಟೆಗಳನ್ನು ಹೇರಿ ನಡೆಸುತ್ತಾರೆ. ಫಿರಂಗಿಯ ಸದ್ದಿಗೆ ಬೆದರದಂತೆ ಅದರ ಕಿವಿಯನ್ನು ಪಳಗಿಸುತ್ತಾರೆ. ಲಕ್ಷಾಂತರ ಜನರ ನಡುವೆ ಅದು ಶಾಂತವಾಗಿ ಹೆಜ್ಜೆಯಿಡುವುದು ಸ್ವಭಾವದ ಸೌಮ್ಯತೆಯಿಂದ ಮಾತ್ರವಲ್ಲ, ಅಭ್ಯಾಸದಿಂದ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಸೇವಾಪ್ರಾಣಿಯ ಲಕ್ಷಣವು ಸುಲಭವಾಗಿ ಅರ್ಥವಾಗುತ್ತದೆ.

ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿಗೆ ತಾನಾಗಿ ಮಾಡಲು ಆಗದ ಅಥವಾ ಕಷ್ಟವಾದ ನಿರ್ದಿಷ್ಟ ಕೆಲಸವೊಂದನ್ನು ಮಾಡಿಕೊಡಲು ಪ್ರತ್ಯೇಕವಾಗಿ ಶಿಕ್ಷಣ ಪಡೆದ ಪ್ರಾಣಿಯೇ ಸೇವಾಪ್ರಾಣಿ. ಬಹುಮಟ್ಟಿಗೆ ಅದು ನಾಯಿ. ಕುರುಡರಿಗೆ ದಾರಿ ತೋರುವುದು, ಕಿವಿ ಕೇಳದವರಿಗೆ ಬಾಗಿಲಿನ ಗಂಟೆಯನ್ನೋ ಬೆಂಕಿಯ ಎಚ್ಚರಿಕೆಯನ್ನೋ ತಿಳಿಸುವುದು, ಗಾಲಿಕುರ್ಚಿಯಲ್ಲಿರುವವರಿಗೆ ಕೆಳಗೆ ಬಿದ್ದ ವಸ್ತುವನ್ನು ಎತ್ತಿಕೊಡುವುದು, ಮೂರ್ಛೆರೋಗಿಯು ಬಿದ್ದಾಗ ಇತರರನ್ನು ಕರೆತರುವುದು, ಇವೆಲ್ಲ ಅದು ಕಲಿಯಬಲ್ಲ ಕೆಲಸಗಳು.

ಈ ವಿದ್ಯೆ ಶಾಸ್ತ್ರೀಯ ರೂಪವನ್ನು ಪಡೆದುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ವಿಷವಾಯುವಿನಿಂದಲೂ ಸಿಡಿಗುಂಡುಗಳಿಂದಲೂ ಕಣ್ಣು ಕಳೆದುಕೊಂಡ ಸೈನಿಕರು ಜರ್ಮನಿಯ ಆಸ್ಪತ್ರೆಗಳಲ್ಲಿ ತುಂಬಿದ್ದರು. ಡಾಕ್ಟರ್ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು ಒಮ್ಮೆ ಇಂಥ ರೋಗಿಯೊಬ್ಬನ ಬಳಿ ತಮ್ಮ ನಾಯಿಯನ್ನು ಬಿಟ್ಟು ಹೋಗಿದ್ದರಂತೆ. ಹಿಂತಿರುಗಿ ನೋಡಿದಾಗ ನಾಯಿಯು ಅವನನ್ನು ಕಾಯುತ್ತಿದ್ದ ರೀತಿಯು ಅವರಿಗೆ ಹೊಸ ಯೋಚನೆಯನ್ನು ಹುಟ್ಟಿಸಿತೆಂದು ಹೇಳುತ್ತಾರೆ. 1916ರಲ್ಲಿ ಓಲ್ಡನ್‌ಬರ್ಗ್ ಪಟ್ಟಣದಲ್ಲಿ ಅವರು ದಾರಿ ತೋರುವ ನಾಯಿಗಳ ಮೊದಲ ಶಾಲೆಯನ್ನು ತೆರೆದರು. ಜರ್ಮನಿಯ ಈ ಪ್ರಯೋಗವನ್ನು ಕಂಡ ಡೊರೋತಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ 1927ರಲ್ಲಿ ಅದರ ವಿಷಯವಾಗಿ ಒಂದು ಲೇಖನವನ್ನು ಬರೆದರು. ಅದನ್ನು ಓದಿಸಿ ಕೇಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕನು ಸ್ವಿಟ್ಜರ್ಲೆಂಡಿಗೆ ಹೋಗಿ, 1928ರಲ್ಲಿ 'ಬಡ್ಡಿ' ಎಂಬ ನಾಯಿಯೊಡನೆ ಹಿಂತಿರುಗಿದನು. ನ್ಯೂಯಾರ್ಕಿನ ವಾಹನಸಂದಣಿಯ ಬೀದಿಯನ್ನು ಅವನು ಪತ್ರಿಕೆಯವರ ಎದುರಿನಲ್ಲಿಯೇ ನಾಯಿಯೊಡನೆ ದಾಟಿ ತೋರಿಸಿದನು. ಮರುವರ್ಷ, ಎಂದರೆ 1929ರಲ್ಲಿ, ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಎಂಬ ಶಿಕ್ಷಣಸಂಸ್ಥೆ ಹುಟ್ಟಿತು. ಇಂಗ್ಲೆಂಡಿನಲ್ಲಿ 1931ರಲ್ಲಿ ಮೊದಲ ನಾಲ್ಕು ನಾಯಿಗಳು ತಮ್ಮ ಅಂಧ ಒಡೆಯರೊಡನೆ ಕೆಲಸಕ್ಕೆ ಇಳಿದವು.

ದಾರಿ ತೋರುವ ನಾಯಿಯ ಶಿಕ್ಷಣವು ಸಾಮಾನ್ಯವಾದುದಲ್ಲ. ಮರಿಯು ಒಂದು ವರ್ಷಕ್ಕೂ ಮಿಕ್ಕಿ ಯಾವುದಾದರೂ ಸಂಸಾರದಲ್ಲಿ ಬೆಳೆದು, ಜನಸಂದಣಿ, ಮೆಟ್ಟಿಲು, ಬಸ್ಸು, ಅಂಗಡಿಗಳಿಗೆ ಒಗ್ಗಬೇಕು. ಆಮೇಲೆ ಅದರ ಎದೆಗೆ ಪಟ್ಟಿ ಬಿಗಿದು, ಅದಕ್ಕೆ ಗಟ್ಟಿಯಾದ ಹಿಡಿಯೊಂದನ್ನು ಜೋಡಿಸಿ, ಹಲವು ತಿಂಗಳು ನುರಿತ ಶಿಕ್ಷಕರು ಕೆಲಸ ಕಲಿಸುತ್ತಾರೆ. ಕೊನೆಗೆ ನಾಯಿಗೂ ಅದರ ಒಡೆಯನಿಗೂ ಒಟ್ಟಿಗೆ ಪಾಠವಾಗುತ್ತದೆ. ಶಾಲೆ ಸೇರಿದ ಮರಿಗಳೆಲ್ಲ ತೇರ್ಗಡೆಯಾಗುವುದಿಲ್ಲ. ಹೀಗೆ ಕಲಿಯುವ ವಿದ್ಯೆಗಳಲ್ಲಿ ನಮ್ಮನ್ನು ಬಹಳ ಬೆರಗುಗೊಳಿಸುವುದು 'ವಿವೇಕದ ಅವಿಧೇಯತೆ' ಎನ್ನಬಹುದಾದ ಗುಣ. ಒಡೆಯನು 'ಮುಂದೆ ನಡೆ' ಎಂದಾಗ, ಎದುರಿನಲ್ಲಿ ಗುಂಡಿಯೋ ವೇಗವಾಗಿ ಬರುವ ಲಾರಿಯೋ ಇದ್ದರೆ, ನಾಯಿಯು ಆಜ್ಞೆಯನ್ನು ಮೀರಿ ನಿಂತುಬಿಡಬೇಕು. ವಿಧೇಯತೆಯನ್ನು ಕಲಿಸುವುದೇ ಕಷ್ಟ. ಯಾವಾಗ ಮಾತು ಕೇಳಬಾರದೆಂಬುದನ್ನು ಕಲಿಸುವುದು ಇನ್ನೆಷ್ಟು ಕಷ್ಟವೆಂಬುದನ್ನು ವಾಚಕರೇ ಊಹಿಸಬಹುದು.

ಸನಿಹವೇ ಸಾಂತ್ವನವಾದ ಪ್ರಾಣಿ

ಸಾಂತ್ವನಪ್ರಾಣಿಯ ರೀತಿ ಬೇರೆ. ಅದು ಏನನ್ನೂ ಮಾಡಬೇಕಾಗಿಲ್ಲ, ಇದ್ದರೆ ಸಾಕು. ಅದರ ಸನಿಹ, ಸ್ಪರ್ಶ, ಅದನ್ನು ನೋಡಿಕೊಳ್ಳುವ ಹೊಣೆ, ಇವುಗಳಿಂದಲೇ ಮನಸ್ಸಿನ ವ್ಯಾಧಿಯಿಂದ ಬಳಲುವವನಿಗೆ ಉಪಶಮನವಾಗುತ್ತದೆಂಬುದು ಇದರ ಆಧಾರ. ಅದು ನಾಯಿಯೇ ಆಗಬೇಕೆಂದಿಲ್ಲ, ಬೆಕ್ಕಾಗಬಹುದು, ಮೊಲವಾಗಬಹುದು.

ಇದು ಬರಿಯ ಭಾವುಕತೆಯ ಮಾತೆ, ಅಥವಾ ಇದಕ್ಕೆ ವಿಜ್ಞಾನದ ಆಧಾರವುಂಟೆ? ಅಮೆರಿಕದ ಮಕ್ಕಳ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ಎಂಬವರ ಅನುಭವದಿಂದ ಆರಂಭಿಸೋಣ. ಯಾರೊಡನೆಯೂ ಬೆರೆಯದ ಒಬ್ಬ ಬಾಲಕನು ಗೊತ್ತುಪಡಿಸಿದ ಹೊತ್ತಿಗಿಂತ ಮೊದಲೇ ಅವರ ಬಳಿಗೆ ಬಂದನು. ಅಂದು ಅವರ ನಾಯಿ 'ಜಿಂಗಲ್ಸ್' ಕೊಠಡಿಯಲ್ಲಿಯೇ ಇದ್ದಿತು. ಹುಡುಗನು ಹೆದರುವ ಬದಲು ಅದನ್ನು ಅಪ್ಪಿಕೊಂಡನು. ನಾಯಿಯೊಡನೆ ಆಡುತ್ತ ಆಡುತ್ತ ವೈದ್ಯರೊಡನೆಯೂ ಅವನ ಸಂಬಂಧ ಕುದುರಿತು. ಲೆವಿನ್ಸನ್ನರು ಈ ಅನುಭವವನ್ನು 1962ರಲ್ಲಿ ಲೇಖನವಾಗಿ ಪ್ರಕಟಿಸಿದರು. ಮೊದಲು ಕೆಲವರು ನಕ್ಕರೂ, ಇಂದು ಪ್ರಾಣಿಗಳ ನೆರವಿನ ಚಿಕಿತ್ಸೆಯೆಂಬ ಶಾಖೆಯ ಮೂಲವನ್ನು ವಿದ್ವಾಂಸರು ಆ ಲೇಖನದಲ್ಲಿ ಗುರುತಿಸುತ್ತಾರೆ.

ದೇಹದೊಳಗೆ ಏನು ನಡೆಯುತ್ತದೆಂಬುದನ್ನು ಈಚಿನ ಪ್ರಯೋಗಗಳು ಸ್ವಲ್ಪಮಟ್ಟಿಗೆ ತೋರಿಸಿವೆ. ತಾಯಿಗೂ ಹಸುಗೂಸಿಗೂ ನಡುವಣ ಬಾಂಧವ್ಯದಲ್ಲಿ ಪಾತ್ರವಹಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನೊಂದುಂಟು. ನಾಯಿಯೂ ಒಡೆಯನೂ ಒಬ್ಬರ ಕಣ್ಣನ್ನೊಬ್ಬರು ಬಹಳ ಹೊತ್ತು ನೋಡಿದಾಗ ಇಬ್ಬರ ದೇಹದಲ್ಲಿಯೂ ಈ ಹಾರ್ಮೋನು ಹೆಚ್ಚುತ್ತದೆಂಬುದನ್ನು ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ಮನುಷ್ಯನೊಡನೆ ಸಹಸ್ರಾರು ವರ್ಷ ಬಾಳಿದುದರ ಫಲವಾಗಿ ನಾಯಿಯು ಈ ನೋಟದ ಭಾಷೆಯನ್ನು ಪಡೆದಿರಬೇಕೆಂದು ಅವರ ಅಭಿಪ್ರಾಯ.

ವಿದ್ಯಾರ್ಥಿಗಳ ಮೇಲೆಯೇ ನಡೆದ ಪ್ರಯೋಗವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 249 ಮಂದಿ ವಿದ್ಯಾರ್ಥಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿನವರು ಹತ್ತು ನಿಮಿಷ ನಾಯಿ ಬೆಕ್ಕುಗಳನ್ನು ಮುಟ್ಟಿ, ಸವರಿ, ಆಡಿಸಿದರು. ಎರಡನೆಯ ಗುಂಪಿನವರು ಅವರನ್ನು ನೋಡುತ್ತ ನಿಂತರು. ಮೂರನೆಯವರಿಗೆ ಪ್ರಾಣಿಗಳ ಚಿತ್ರಗಳನ್ನು ಮಾತ್ರ ತೋರಿಸಿದರು. ನಾಲ್ಕನೆಯವರು ಸುಮ್ಮನೆ ಕಾದರು. ಬಳಿಕ ಎಲ್ಲರ ಉಗುಳಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪ್ರಮಾಣವನ್ನು ಅಳೆದರು. ಮನಸ್ಸಿಗೆ ಒತ್ತಡವಾದಾಗ ದೇಹದಲ್ಲಿ ಹೆಚ್ಚುವ ಹಾರ್ಮೋನು ಅದು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರಾಣಿಗಳನ್ನು ಮುಟ್ಟಿ ಆಡಿಸಿದವರಲ್ಲಿ ಅದರ ಪ್ರಮಾಣ ಇತರರಿಗಿಂತ ಕಡಿಮೆಯಾಗಿದ್ದಿತು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ಹತ್ತು ನಿಮಿಷದ ಹಿತವು ಹತ್ತು ತಿಂಗಳ ಚಿಕಿತ್ಸೆಗೆ ಸಮವಲ್ಲ. ನಾಯಿಯನ್ನು ಸವರಿದರೆ ಒತ್ತಡ ಇಳಿಯುತ್ತದೆಂಬುದು ಒಂದು ಮಾತು. ಇಕ್ಕಟ್ಟಾದ ಕೊಠಡಿಯಲ್ಲಿ ನಾಯಿಯನ್ನು ವರ್ಷವಿಡೀ ಸಾಕಿದರೆ ಖಿನ್ನತೆ ಗುಣವಾಗುತ್ತದೆಂಬುದು ಬೇರೆಯೇ ಮಾತು. ಮೊದಲನೆಯದನ್ನು ಪ್ರಯೋಗಗಳು ತೋರಿಸಿವೆ. ಎರಡನೆಯದನ್ನು ಅವುಗಳಿಂದ ಸಾಧಿಸಲಾಗದು.

ಗೆರೆ ಎಲ್ಲಿದೆ?

ದೇಹದ ಊನಕ್ಕೆ ಸೇವಾಪ್ರಾಣಿ, ಮನಸ್ಸಿನ ವ್ಯಾಧಿಗೆ ಸಾಂತ್ವನಪ್ರಾಣಿ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ನಮ್ಮ ಎರಡನೆಯ ಅರ್ಜಿಯನ್ನು ನೋಡಿರಿ. ಆ ವಿದ್ಯಾರ್ಥಿನಿಯ ವ್ಯಾಧಿ ಮನಸ್ಸಿನದೇ. ಆದರೂ ಆಕೆಯ ನಾಯಿ ಸೇವಾಪ್ರಾಣಿಯೇ ಸರಿ. ಏಕೆಂದರೆ ದುಃಸ್ವಪ್ನದ ಗುರುತು ಹಿಡಿದು ಎಬ್ಬಿಸುವುದನ್ನೂ ದೀಪ ಹಚ್ಚುವುದನ್ನೂ ಅದು ಕಲಿತಿದೆ. ಭೇದವಿರುವುದು ರೋಗದ ಬಗೆಯಲ್ಲಲ್ಲ, ಒಡೆಯನ ಅಗತ್ಯದ ತೀವ್ರತೆಯಲ್ಲಲ್ಲ, ಪ್ರಾಣಿಯ ಮೇಲಣ ಪ್ರೀತಿಯ ಅಳತೆಯಲ್ಲಂತೂ ಅಲ್ಲವೇ ಅಲ್ಲ; ಪ್ರಾಣಿಯು ನಿರ್ದಿಷ್ಟವಾದ ಕೆಲಸವೊಂದನ್ನು ಕಲಿತಿದೆಯೇ ಇಲ್ಲವೇ ಎಂಬುದರಲ್ಲಿ.

ಮನಸ್ಸಿನ ಸ್ಥಿತಿಯನ್ನು ನಾಯಿ ಹೇಗೆ ತಿಳಿದೀತು ಎಂದು ಸಂದೇಹಪಡಬೇಕಾಗಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 36 ಮಂದಿಗೆ ಕಠಿಣವಾದ ಬಾಯಿಲೆಕ್ಕವನ್ನು ಕೊಟ್ಟು ಒತ್ತಡವನ್ನುಂಟುಮಾಡಿದರು. ಅದಕ್ಕೆ ಮೊದಲೂ ಆಮೇಲೂ ಅವರ ಬೆವರು ಮತ್ತು ಉಸಿರಿನ ಮಾದರಿಗಳನ್ನು ತೆಗೆದು, ನಾಲ್ಕು ನಾಯಿಗಳಿಗೆ ಮೂಸಲು ಕೊಟ್ಟರು. ಒತ್ತಡದ ಮಾದರಿಯನ್ನು ನಾಯಿಗಳು ನೂರಕ್ಕೆ ಸುಮಾರು 94 ಸಲ ಸರಿಯಾಗಿ ಗುರುತಿಸಿದವು. ಪರೀಕ್ಷೆಯ ಕೊಠಡಿಯ ಭಯಕ್ಕೂ ಒಂದು ವಾಸನೆಯುಂಟೆಂದರೆ ನಮ್ಮ ವಿದ್ಯಾರ್ಥಿ ಮಿತ್ರರಿಗೆ ಆಶ್ಚರ್ಯವಾದೀತು.

ಅಮೆರಿಕದ ಅನುಭವ

ಈ ಭೇದವನ್ನು ಕಾಯಿದೆಯಲ್ಲಿ ಸ್ಪಷ್ಟವಾಗಿ ಬರೆದಿಟ್ಟ ದೇಶ ಅಮೆರಿಕ. ವಿದ್ಯಾರ್ಥಿನಿಲಯದಲ್ಲಿ ಎಷ್ಟೋ ಜಗಳಗಳಾದ ಮೇಲೆ ಗೆರೆ ಸ್ಪಷ್ಟವಾದುದೂ ಅಲ್ಲಿಯೇ.

ಅಲ್ಲಿನ 1990ರ ಅಂಗವಿಕಲರ ಕಾಯಿದೆಯ ನಿಯಮಗಳು 2011ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಸೇವಾಪ್ರಾಣಿಯೆಂದರೆ ಶಿಕ್ಷಣ ಪಡೆದ ನಾಯಿ ಮಾತ್ರ. ಕೆಲವು ಸಂದರ್ಭಗಳಲ್ಲಿ ಗಿಡ್ಡ ಜಾತಿಯ ಕುದುರೆಗೂ ಅವಕಾಶವುಂಟು. ಇಂಥ ನಾಯಿಯು ತರಗತಿ, ಊಟದ ಮನೆ, ಗ್ರಂಥಾಲಯ ಎಲ್ಲೆಡೆಗೂ ಒಡೆಯನೊಡನೆ ಹೋಗಬಹುದು. ಅದರ ಕೆಲಸ ಎದುರಿಗೆ ತಾನಾಗಿ ಕಾಣದಿದ್ದರೆ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಬಹುದು. ಅಂಗವೈಕಲ್ಯದ ಕಾರಣದಿಂದ ಈ ನಾಯಿ ಬೇಕೆ? ಅದು ಯಾವ ಕೆಲಸವನ್ನು ಕಲಿತಿದೆ? ಪ್ರಮಾಣಪತ್ರವನ್ನು ಕೇಳುವಂತಿಲ್ಲ. ಆದರೆ ನಾಯಿಯು ಹತೋಟಿ ಮೀರಿದರೆ, ಅಥವಾ ಒಳಗೆ ಹೊಲಸು ಮಾಡಿದರೆ, ಹೊರಗೆ ಕಳುಹಿಸಬಹುದು.

ಸಾಂತ್ವನಪ್ರಾಣಿಗೆ ಈ ಹಕ್ಕು ಇಲ್ಲ. ಅದಕ್ಕೆ ಆಸರೆಯಾದುದು ಬೇರೊಂದು ಕಾಯಿದೆ. ಮನೆ ಬಾಡಿಗೆಯಲ್ಲಿ ತಾರತಮ್ಯವನ್ನು ತಡೆಯಲು 1968ರಲ್ಲಿ ಮಾಡಿ, 1988ರಲ್ಲಿ ಅಂಗವಿಕಲರಿಗೂ ವಿಸ್ತರಿಸಿದ ಕಾಯಿದೆ ಅದು. ವಿದ್ಯಾರ್ಥಿನಿಲಯವು 'ಮನೆ'ಯೇ ಅಲ್ಲವೇ ಎಂಬುದೇ ಆಗ ಪ್ರಶ್ನೆಯಾಯಿತು. ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಕೀರ್ನಿ ಶಾಖೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮನಸ್ಸಿನ ಕಳವಳಕ್ಕೆ ಸಾಂತ್ವನವಾಗಿದ್ದ ಪುಟ್ಟ ನಾಯಿಯನ್ನು ಇರಿಸಿಕೊಳ್ಳಲು ಕೇಳಿದಳು, ಅನುಮತಿ ದೊರೆಯಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. ವಿಶ್ವವಿದ್ಯಾನಿಲಯದ ವಸತಿಗೂ ಈ ಕಾಯಿದೆ ಅನ್ವಯಿಸುತ್ತದೆಂದು 2013ರಲ್ಲಿ ನ್ಯಾಯಾಲಯ ಹೇಳಿತು. 2015ರಲ್ಲಿ ಒಂದು ಲಕ್ಷ ನಲವತ್ತು ಸಾವಿರ ಡಾಲರುಗಳ ಪರಿಹಾರದೊಡನೆ ರಾಜಿಯಾಯಿತು. ಹೀಗೆ ವೈದ್ಯರ ಅಥವಾ ಮನೋವೈದ್ಯರ ಪತ್ರದ ಆಧಾರದ ಮೇಲೆ ಸಾಂತ್ವನಪ್ರಾಣಿಯು ಕೊಠಡಿಯನ್ನು ಪ್ರವೇಶಿಸಿತು. ಆದರೆ ತರಗತಿಯ ಹೊಸಿಲನ್ನು ದಾಟಲಿಲ್ಲ.

ಅನುಕಂಪದಿಂದ ತೆರೆದ ಬಾಗಿಲಿನಲ್ಲಿ ಸ್ವಾರ್ಥವೂ ನುಸುಳಿತು. ರೋಗಿಯನ್ನು ಸರಿಯಾಗಿ ಪರೀಕ್ಷಿಸದೆಯೇ ಹಣಕ್ಕೆ ಪತ್ರ ಬರೆದುಕೊಡುವ ವ್ಯಾಪಾರ ಬೆಳೆಯಿತು. ವಿಮಾನಗಳಲ್ಲಿ ಸಾಕುಪ್ರಾಣಿಯ ಶುಲ್ಕ ತಪ್ಪಿಸಲು ಅನೇಕರು ಇದೇ ಉಪಾಯವನ್ನು ಹಿಡಿದರು. 2018ರ ಜನವರಿಯಲ್ಲಿ ನ್ಯೂವಾರ್ಕ್ ವಿಮಾನನಿಲ್ದಾಣಕ್ಕೆ ಒಬ್ಬರು ನವಿಲನ್ನು ಸಾಂತ್ವನಪ್ರಾಣಿಯೆಂದು ಕರೆತಂದುದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ನಗೆಯ ವಿಷಯವಾಯಿತು. ಕೊನೆಗೆ ಅಮೆರಿಕದ ಸಾರಿಗೆ ಇಲಾಖೆಯು 2020ರ ಡಿಸೆಂಬರಿನಲ್ಲಿ ನಿಯಮವನ್ನು ಬದಲಿಸಿ, ವಿಮಾನದಲ್ಲಿ ಸೇವಾಪ್ರಾಣಿಯೆಂದರೆ ಶಿಕ್ಷಣ ಪಡೆದ ನಾಯಿ ಮಾತ್ರವೆಂದು ಗೊತ್ತುಪಡಿಸಿತು.

ಈ ನಗೆಯ ಹಿಂದೆ ನಿಜವಾದ ನಷ್ಟವಿದೆ. ಪಳಗದ ನಾಯಿಯೊಂದು ಸುಳ್ಳು ಹೆಸರಿನಿಂದ ಒಳಗೆ ಬಂದು ಬೊಗಳಿದರೆ, ಕಚ್ಚಿದರೆ, ಮರುದಿನ ಬಾಗಿಲಿನಲ್ಲಿ ತಡೆಯಲ್ಪಡುವವನು ಕಣ್ಣು ಕಾಣದ ವಿದ್ಯಾರ್ಥಿ. ಖಿನ್ನತೆಯಿಂದ ನಿಜವಾಗಿ ಬಳಲುವವನ ಮಾತನ್ನೂ ಯಾರೂ ನಂಬದಂತಾಗುತ್ತದೆ.

ನಮ್ಮ ಕಾಯಿದೆ ಏನೆನ್ನುತ್ತದೆ?

ನಮ್ಮ ದೇಶದಲ್ಲಿ ದಾರಿ ತೋರುವ ನಾಯಿಗಳು ಬಹು ವಿರಳ. ಬಿಳಿಕೋಲೇ ಅಂಧರ ಮುಖ್ಯವಾದ ಆಸರೆ. ಬೀದಿನಾಯಿಗಳೂ ಒಡೆದ ಕಾಲುದಾರಿಗಳೂ ತುಂಬಿದ ಊರುಗಳಲ್ಲಿ ಶಿಕ್ಷಿತ ನಾಯಿಗೂ ಕೆಲಸ ಮಾಡುವುದು ಕಷ್ಟ. ಸಾಂತ್ವನಪ್ರಾಣಿಯೆಂಬ ವರ್ಗವೇ ನಮ್ಮ ಕಾಯಿದೆಯಲ್ಲಿಲ್ಲ. ಹಾಗೆಂದು ವಿದ್ಯಾರ್ಥಿಗೆ ಯಾವ ದಾರಿಯೂ ಇಲ್ಲವೆಂದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಮನೋವ್ಯಾಧಿಯೂ ಅವುಗಳಲ್ಲಿ ಒಂದು. ಸರ್ಕಾರದ ಧನಸಹಾಯವನ್ನೋ ಮನ್ನಣೆಯನ್ನೋ ಪಡೆದ ವಿದ್ಯಾಸಂಸ್ಥೆಗಳು ಅಂಗವಿಕಲ ವಿದ್ಯಾರ್ಥಿಗೆ ಅವನ ಅಗತ್ಯಕ್ಕೆ ತಕ್ಕಂತೆ 'ಸಮಂಜಸ ಹೊಂದಾಣಿಕೆ'ಯನ್ನು ಮಾಡಿಕೊಡಬೇಕೆಂದು ಅದರ 16ನೆಯ ವಿಧಿ ಹೇಳುತ್ತದೆ. ಸಮಂಜಸವೆಂದರೆ, ಸಂಸ್ಥೆಯ ಮೇಲೆ ಅತಿಯಾದ ಹೊರೆಯನ್ನು ಹೊರಿಸದೆ, ಇತರರ ಸಮಾನವಾಗಿ ಹಕ್ಕನ್ನು ಅನುಭವಿಸಲು ಬೇಕಾದ ಯುಕ್ತವಾದ ಬದಲಾವಣೆ. ಕಾಯಿದೆಯಲ್ಲಿ ನಾಯಿಯ ಹೆಸರು ಬರುವುದಿಲ್ಲ. ಆದರೆ ವಿದ್ಯಾರ್ಥಿಯು ಕೇಳುವುದಕ್ಕೂ ಸಂಸ್ಥೆಯು ಯೋಚಿಸುವುದಕ್ಕೂ ಅದರಲ್ಲಿ ಅವಕಾಶವಿದೆ. ಮನೆಯ ಹಂಬಲವಾಗಲಿ ಪರೀಕ್ಷೆಯ ದಿಗಿಲಾಗಲಿ ಅಂಗವೈಕಲ್ಯವಲ್ಲವೆಂಬುದನ್ನೂ ಮರೆಯಬಾರದು. ಮನೋವ್ಯಾಧಿಯೆಂದು ಕಾಯಿದೆ ಹೇಳುವುದು ಬುದ್ಧಿ, ಭಾವ, ನೆನಪುಗಳನ್ನು ತೀವ್ರವಾಗಿ ಕೆಡಿಸಿ ದಿನದ ಬಾಳನ್ನೇ ಕುಗ್ಗಿಸುವ ಸ್ಥಿತಿಯನ್ನು.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಕಲಸಿಕೊಳ್ಳಬಾರದು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ಸುನಿಲ್ದಾಣ ಮೊದಲಾದವುಗಳ ಆವರಣಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ಅದು ಒಡೆಯನಿಲ್ಲದ ನಾಯಿಗಳ ವಿಷಯ. ಹಗ್ಗದಲ್ಲಿ ಹಿಡಿದ, ಶಿಕ್ಷಣ ಪಡೆದ ಸೇವಾನಾಯಿಯ ವಿಷಯವಲ್ಲ. ಆದರೆ ಆದೇಶದ ಹಿಂದಿನ ಭಯಕ್ಕೆ ಕಾರಣವುಂಟು. ಹುಚ್ಚುನಾಯಿ ರೋಗದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದೂ, ಅವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಭಾರತೀಯರೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆಯ ದಾಖಲೆಯಿಲ್ಲದ ಯಾವ ನಾಯಿಯನ್ನೂ, ಅದು ಎಷ್ಟೇ ಸಾಧುವಾಗಿರಲಿ, ನೂರು ಜನ ಮಲಗುವ ಕಟ್ಟಡದೊಳಕ್ಕೆ ಬಿಡತಕ್ಕದ್ದಲ್ಲ.

ನಾಯಿಯ ಕಡೆಯ ಮಾತು

ಈ ಚರ್ಚೆಯಲ್ಲಿ ಮಾತಾಡಲಾರದ ಕಕ್ಷಿಯೊಂದಿದೆ. ವಿದ್ಯಾರ್ಥಿಗೆ ನಾಯಿ ಬೇಕು, ಸರಿ. ನಾಯಿಗೆ ವಿದ್ಯಾರ್ಥಿನಿಲಯ ಬೇಕೆ? ಹತ್ತಾರು ಎಕರೆ ತೋಟದಲ್ಲಿ ಅಲೆದು, ಅಂಗಳದಲ್ಲಿ ಮಲಗಿ ಬೆಳೆದ ನಾಯಿಯನ್ನು ಹತ್ತಡಿ ಕೊಠಡಿಯಲ್ಲಿ ಕಟ್ಟಿ, ಒಡೆಯನು ಬೆಳಗಿನಿಂದ ಸಂಜೆಯವರೆಗೆ ತರಗತಿಯಲ್ಲಿದ್ದರೆ, ಸಾಂತ್ವನ ಪಡೆಯುವವನು ಒಬ್ಬ, ಸಂಕಟಪಡುವುದು ಇನ್ನೊಂದು ಜೀವ. ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಕಕ್ಕಡದ ತಿಂಗಳಲ್ಲಿ ನಾಯಿಯನ್ನು ಹೊರಗೆ ಅಡ್ಡಾಡಿಸಿ ತಂದವನಿಗೆ ಅದರ ಒದ್ದೆ ಮೈ, ಇಂಬಳ, ಉಣ್ಣಿಗಳ ಅನುಭವವಿದ್ದೇ ಇರುತ್ತದೆ. ಕಾಡಿನ ಅಂಚಿನ ನಿಲಯಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿಯು ಚಿರತೆಗೆ ಕರೆಯೋಲೆಯಾದೀತು. ಗಿಳಿ, ಕಾಡುಮೈನಾ, ನಕ್ಷತ್ರ ಆಮೆಗಳನ್ನು ಸಾಂತ್ವನಕ್ಕೆಂದು ತರುವ ಯೋಚನೆಯಂತೂ ಬೇಡ. ನಮ್ಮ ಕಾಡಿನ ಈ ಜೀವಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಕೊಠಡಿಯ ಜೊತೆಗಾರನ ಮಾತನ್ನೂ ಕೇಳಬೇಕು. ಅವನಿಗೆ ನಾಯಿಯ ರೋಮದಿಂದ ಉಬ್ಬಸ ಬರಬಹುದು. ಚಿಕ್ಕಂದಿನಲ್ಲಿ ನಾಯಿ ಕಚ್ಚಿದುದರಿಂದ ಭಯವಿರಬಹುದು. ಅಮೆರಿಕದ ನಿಯಮವು ಇಲ್ಲಿ ಜಾಣತನದ ದಾರಿಯನ್ನು ತೋರಿಸಿದೆ. ಇತರರ ಅಲರ್ಜಿಯೂ ಭಯವೂ ಸೇವಾಪ್ರಾಣಿಯನ್ನು ಹೊರಗಿಡಲು ಕಾರಣವಾಗುವುದಿಲ್ಲ. ಆದರೆ ಇಬ್ಬರ ಅಗತ್ಯವನ್ನೂ ನಡೆಸಿಕೊಡಬೇಕು. ಎಂದರೆ ಕೊಠಡಿಯನ್ನು ಬದಲಾಯಿಸಬೇಕೇ ಹೊರತು ವಿದ್ಯಾರ್ಥಿಯನ್ನು ಹೊರಗಟ್ಟಬಾರದು.

ಮೂರು ಅರ್ಜಿಗಳಿಗೆ ಉತ್ತರ

ಈಗ ವಾರ್ಡನರ ಮೇಜಿಗೆ ಹಿಂತಿರುಗೋಣ. ಮೊದಲನೆಯ ಅರ್ಜಿಗೆ ಉತ್ತರ 'ಆಗಲಿ'. ಆ ನಾಯಿಯನ್ನು ಬೇಡವೆನ್ನುವುದು ಕುಂಟನ ಊರುಗೋಲನ್ನು ಬಾಗಿಲಲ್ಲಿ ಕಿತ್ತಿಟ್ಟುಕೊಂಡಂತೆ. ಎರಡನೆಯ ಅರ್ಜಿಗೂ ಉತ್ತರ 'ಆಗಲಿ' ಎಂಬುದೇ. ಆದರೆ ನಾಯಿಯು ಏನನ್ನು ಕಲಿತಿದೆಯೆಂಬುದನ್ನು ಸೌಜನ್ಯದಿಂದ ಕೇಳಿ ತಿಳಿಯಬೇಕು. ರೋಗದ ಕಥೆಯನ್ನೆಲ್ಲ ಆಕೆಯ ಬಾಯಿಂದ ಹೊರಡಿಸುವ ಅಗತ್ಯವಿಲ್ಲ. ಇಬ್ಬರಿಂದಲೂ ಲಸಿಕೆಯ ದಾಖಲೆಯನ್ನು ಪಡೆದು, ನೆಲಮಹಡಿಯಲ್ಲಿ ಹೊರಬಾಗಿಲಿಗೆ ಹತ್ತಿರವಾದ ಕೊಠಡಿಗಳನ್ನು ಕೊಟ್ಟು, ಒಪ್ಪುವ ಜೊತೆಗಾರರನ್ನು ಗೊತ್ತುಮಾಡಬೇಕು. ಇತರ ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಹೇಳಿರಬೇಕು. ಕೆಲಸದಲ್ಲಿರುವ ನಾಯಿಯನ್ನು ಕರೆಯಬಾರದು, ಸವರಬಾರದು, ತಿಂಡಿ ಹಾಕಬಾರದು. ಅದರ ಗಮನ ತಪ್ಪಿದರೆ ಒಡೆಯನ ಹೆಜ್ಜೆ ತಪ್ಪುತ್ತದೆ.

ಮೂರನೆಯ ಅರ್ಜಿಯೇ ಕಠಿಣವಾದುದು. ಅಲ್ಲಿ ಹಕ್ಕಿನ ಮಾತಿಗಿಂತ ವಿವೇಚನೆಯ ಮಾತು ಹೆಚ್ಚು. ಚಿಕಿತ್ಸೆ ಕೊಡುವ ವೈದ್ಯರ ಅಭಿಪ್ರಾಯವನ್ನು ಕೇಳಬೇಕು. ನಾಯಿಯ ಸ್ವಭಾವ, ಕೊಠಡಿಯ ವಿಸ್ತಾರ, ಅದನ್ನು ನೋಡಿಕೊಳ್ಳಲು ವಿದ್ಯಾರ್ಥಿಗಿರುವ ಬಿಡುವು, ಇವುಗಳನ್ನು ತೂಗಿ ನೋಡಬೇಕು. ಅನುಕೂಲವಿದ್ದರೆ ಕೆಲವು ವಾರಗಳ ಮಟ್ಟಿಗೆ ಪರೀಕ್ಷಾರ್ಥವಾಗಿ ಒಪ್ಪಬಹುದು. ಇಲ್ಲದಿದ್ದರೆ ಬೇರೆ ದಾರಿಗಳುಂಟು. ವಾರಕ್ಕೊಮ್ಮೆ ಮನೆಗೆ ಹೋಗಿಬರಲು ಅನುಮತಿ ಕೊಡಬಹುದು. ಲಸಿಕೆ ಹಾಕಿಸಿದ ಸಾಧು ನಾಯಿಯನ್ನು ಅದರ ಒಡೆಯರು ಗೊತ್ತಾದ ಹೊತ್ತಿನಲ್ಲಿ ಅಂಗಳಕ್ಕೆ ಕರೆತರುವ ಏರ್ಪಾಡನ್ನು ಮಾಡಬಹುದು. ಆ ಹತ್ತು ನಿಮಿಷದ ಹಿತಕ್ಕೆ ವಿಜ್ಞಾನದ ಸಾಕ್ಷ್ಯವಿದೆಯೆಂಬುದನ್ನು ಮೇಲೆ ಕಂಡೆವು. ಆದರೆ 'ಆಗದು' ಎಂದು ಬರೆದು ಕೈತೊಳೆದುಕೊಳ್ಳುವುದು ಮಾತ್ರ ಸಲ್ಲದು. ನಾಯಿ ಬೇಕೆಂದು ಕೇಳಿದ ವಿದ್ಯಾರ್ಥಿಯು ನನಗೆ ನೆರವು ಬೇಕೆಂದೂ ಹೇಳುತ್ತಿದ್ದಾನೆ. ನಾಯಿಗೆ ಅನುಮತಿ ದೊರೆಯದಿದ್ದರೂ ಆ ಎರಡನೆಯ ಬೇಡಿಕೆಗೆ ಉತ್ತರ ಸಲ್ಲಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ, ಶುಲ್ಕವಿಲ್ಲ. ಈ ಸಂಖ್ಯೆಯು ಪ್ರತಿಯೊಂದು ನಿಲಯದ ಸೂಚನಾಫಲಕದ ಮೇಲೆಯೂ ಇರತಕ್ಕದ್ದು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ಸುಮಾರಿನ ಶಿಲಾಶಾಸನವೊಂದು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನೆಂಬ ವೀರನು ಅರಸನು ಮೆಚ್ಚಿ ಬೇಡಿಕೊಳ್ಳೆಂದಾಗ ಕೇಳಿ ಪಡೆದುದು 'ಕಾಳಿ' ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಾಗ, ಅವನು ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿದನು. ಕಾಳಿ ಅವನಿಗೆ ಸೇವೆಯ ಪ್ರಾಣಿಯೋ, ಪ್ರೀತಿಯ ಪ್ರಾಣಿಯೋ? ಎರಡೂ ಹೌದು. ಮನುಷ್ಯನ ಹೃದಯದಲ್ಲಿ ಈ ಎರಡರ ನಡುವೆ ಗೆರೆಯಿಲ್ಲ. ಆದರೆ ನೂರು ಜನ ಕೂಡಿ ಬಾಳುವ ಮನೆಯಲ್ಲಿ ಗೆರೆಯನ್ನು ಎಳೆಯಲೇಬೇಕು. ಅದು ಪ್ರೀತಿಯನ್ನು ಅಳೆಯುವ ಗೆರೆಯಲ್ಲ. ಯಾರಿಗೆ ಯಾವ ಬಗೆಯ ನೆರವು ಸಲ್ಲಬೇಕೆಂಬುದನ್ನು ತಿಳಿಸುವ ಗೆರೆ. ಅದನ್ನು ಸರಿಯಾಗಿ ಎಳೆದ ನಿಲಯದಲ್ಲಿ ಕಣ್ಣು ಕಾಣದವನು ನಿರ್ಭಯವಾಗಿ ಮೆಟ್ಟಿಲಿಳಿದಾನು. ಮಳೆಯ ರಾತ್ರಿಯಲ್ಲಿ ಬೆಚ್ಚಿಬಿದ್ದವಳ ಪಕ್ಕದಲ್ಲಿ ದೀಪ ಹತ್ತೀತು. ಮನಸ್ಸು ಕುಗ್ಗಿದವನ ಬಾಗಿಲನ್ನು ಯಾರಾದರೂ ತಟ್ಟಿಯಾರು.